ದೊಡ್ಡಮ್ಮನ ಒಂದು

ಹೊಳೆನರಸೀಪುರದ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಗಣಿತ ಹೇಳಿಕೊಟ್ಟಿದ್ದೇನೆ. ಬೆಳಿಗ್ಗೆ ಹಾಸನದಲ್ಲಿ ಬಸ್ಸು ಹತ್ತುವುದು, ಸಂಜೆ ಅದೇ ರಸ್ತೆಯಲ್ಲಿ ವಾಪಸು ಬರುವುದು. ನನಗೆ ಗೊತ್ತಿಲ್ಲದ ವಿಷಯಗಳು ಬಹಳ ಇವೆ, ಅವುಗಳ ಬಗ್ಗೆ ಚಿಂತೆಯೂ ಅಷ್ಟೇ ಇದೆ. ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ, ಎಡಭುಜದ ನೋವು ವಾಯುವೋ ಬೇರೆಯದೋ, ಬಸ್ಸಿನ ಹಿಂದಿನ ಚಕ್ರ ಯಾಕೆ ಹೀಗೆ ಕಿರುಗುಟ್ಟುತ್ತಿದೆ, ಇದು ಡ್ರೈವರಿಗೆ ಕೇಳಿಸುತ್ತಿದೆಯೋ ಇಲ್ಲವೋ. ನನ್ನ ಹೆಂಡತಿ ಹೇಳುವಂತೆ ಚಿಂತೆ ಮಾಡಲು ಏನೂ ಸಿಗದ ದಿನ ನಾನು ಅದರ ಬಗ್ಗೆಯೇ ಚಿಂತೆ ಮಾಡುತ್ತೇನೆ. ಆದರೆ ಇಷ್ಟು ಉದ್ದದ ಪಟ್ಟಿಯಲ್ಲಿ ‘ಒಂದು’ ಎಂದರೇನು ಎಂಬ ಪ್ರಶ್ನೆ ಯಾವತ್ತೂ ಇರಲಿಲ್ಲ. ಒಂದು ಎಂದರೆ ಒಂದು. ಒಂದನೇ ತರಗತಿಯ ಒಂದನೇ ದಿನ ಸ್ಲೇಟಿನ ಮೇಲೆ ಬರೆಸುತ್ತಾರೆ, ಅಲ್ಲಿಗೆ ಮುಗಿಯಿತು.

ಅಲ್ಲಿಗೆ ಮುಗಿದಿಲ್ಲ ಎಂದು ತೋರಿಸಿಕೊಟ್ಟವಳು ನನ್ನ ದೊಡ್ಡಮ್ಮ. ನನ್ನ ತಾಯಿಯ ಅಕ್ಕ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಬಾಗೂರಿನಿಂದ ಮುಂದಕ್ಕೆ ಆಟೋದಲ್ಲಿ ಹೋಗಬೇಕಾದ ಒಂದು ಹಳ್ಳಿಯಲ್ಲಿ ಅವಳ ಮನೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ನಾಲ್ಕು ಹಸು, ರಾಗಿ ಹೊಲ, ಅಂಚಿನಲ್ಲಿ ತೆಂಗು. ಮಗ ನನಗಿಂತ ಎರಡು ವರ್ಷ ದೊಡ್ಡವನು, ಹಾಗಾಗಿ ನನಗೆ ಅಣ್ಣ. ಆ ಮನೆಯಲ್ಲಿ ಟ್ರ್ಯಾಕ್ಟರು, ಮೋಟರು, ಬ್ಯಾಂಕು ಎಲ್ಲ ಅಣ್ಣನ ಖಾತೆ. ಸೇರು ಮಾತ್ರ ದೊಡ್ಡಮ್ಮನದು. ಹಿತ್ತಾಳೆ ಸೇರು, ಬಾಯಂಚು ಸವೆದು ಬಿಳಿಚಿಕೊಂಡಿದೆ. ಮದುವೆಯಾಗಿ ಬಂದ ಮೂರನೇ ವರ್ಷ ಅವಳ ಅತ್ತೆ ಅದನ್ನು ಕೈಗೆ ಕೊಟ್ಟರಂತೆ. ಅಂದಿನಿಂದ ಆ ಮನೆಯ ಕಾಳನ್ನು ಬೇರೆ ಯಾರೂ ಅಳೆದಿಲ್ಲ. ಮಾರುವ ರಾಗಿ ಈಗ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ಹೋಗುತ್ತದೆ; ಮನೆಗೆ ಉಳಿಯುವ ರಾಗಿ, ಬಿತ್ತನೆ ರಾಗಿ ಮಾತ್ರ ಸೇರಿನಲ್ಲಿ ಅಳೆದೇ ಒಳಗೆ ಹೋಗಬೇಕು.

ಕಳೆದ ವರ್ಷ ಮಳೆ ಮುಗಿಯುವ ಹೊತ್ತಿಗೆ ದೊಡ್ಡಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪಟ್ಟಿ ಬಿಚ್ಚಿದ ಮೇಲೆ ಕೈಗೆ ವ್ಯಾಯಾಮ ಬೇಕೆಂದರು. ಅದಕ್ಕಾಗಿ ಹಾಸನದ ನಮ್ಮ ಮನೆಯಲ್ಲಿ ಹತ್ತು ದಿನ ಇದ್ದಳು. ಆ ಹತ್ತು ದಿನಗಳಲ್ಲಿ ನಾನು ಕಣ್ಣಿಟ್ಟು ಕೂತೆ. ಮೂರನೇ ದಿನ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಐದನೇ ದಿನ ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು ಮನೆಯೆಲ್ಲ ಹುಡುಕಿದಳು. ನನಗೆ ಇಷ್ಟು ಸಾಕಾಯಿತು. ಕನ್ನಡಕವನ್ನು ನಾನೂ ಹಾಗೆ ಹುಡುಕುತ್ತೇನೆ ಎಂದು ಹೆಂಡತಿ ನೆನಪಿಸಿದಳು. ಅದರಿಂದ ನನಗೆ ನನ್ನ ಬಗ್ಗೆಯೂ ಚಿಂತೆಯಾಯಿತೇ ಹೊರತು ದೊಡ್ಡಮ್ಮನ ಬಗ್ಗೆ ಸಮಾಧಾನವಾಗಲಿಲ್ಲ.

ಕೊನೆಯ ದಿನ ಆಸ್ಪತ್ರೆಯಲ್ಲಿ, ಅವಳು ಚಪ್ಪಲಿ ಬಿಡುತ್ತಿದ್ದಾಗ, ನಾನು ಒಳಗೆ ನುಗ್ಗಿ ಡಾಕ್ಟರ ಕಿವಿಯಲ್ಲಿ, “ಸಾರ್, ಹಾಗೇ ಒಂದ್ಸಲ ಜ್ಞಾಪಕಶಕ್ತಿನೂ ನೋಡಿಬಿಡಿ” ಅಂದೆ. ಅವರು ಯುವಕರು, ಒಳ್ಳೆಯವರು, ಓದಿದ್ದೆಲ್ಲ ದೊಡ್ಡ ಊರುಗಳಲ್ಲಿ. ಮೇಜಿನ ಮೇಲೆ ಎರಡು ಸ್ಟೀಲ್ ಬಟ್ಟಲು ಇಟ್ಟರು. ಒಂದರಲ್ಲಿ ಹೆಸರುಕಾಳು, ಇನ್ನೊಂದು ಖಾಲಿ. ಕೈಗೆ ಚಮಚ ಕೊಟ್ಟರು.

“ಅಮ್ಮಾ, ಇದರಿಂದ ಅದಕ್ಕೆ ಚಮಚದಲ್ಲಿ ಹಾಕ್ತಾ ಹೋಗಿ. ಜೋರಾಗಿ ಎಣಿಸ್ತಾ ಹಾಕಿ.”

ದೊಡ್ಡಮ್ಮ ಸೆರಗು ಸರಿ ಮಾಡಿಕೊಂಡಳು. ಚಮಚದ ತುಂಬ ಕಾಳು ಎತ್ತಿ, ಒಂದು ಗಳಿಗೆ ಕಣ್ಣು ಮುಚ್ಚಿ, ಆಚೆ ಬಟ್ಟಲಿಗೆ ಸುರಿದಳು.

“ಲಾಬ” ಅಂದಳು. ಆಮೇಲೆ “ಎಲ್ಡು. ಮೂರು. ನಾಕು.”

ಡಾಕ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. “ಅಮ್ಮಾ, ಮೊದಲಿಂದ ಎಣಿಸಿ” ಅಂದರು. ಕಾಳನ್ನು ವಾಪಸು ಸುರಿದು ಕೊಟ್ಟರು. ಮತ್ತೆ ಅದೇ. ಲಾಬ, ಎಲ್ಡು, ಮೂರು.

“ಇಪ್ಪತ್ತರಿಂದ ಹಿಂದಕ್ಕೆ ಎಣಿಸ್ತೀರಾ?”

“ಇಂದಕ್ಯಾಕಪ್ಪಾ ಎಣಿಸ್ಲಿ? ಮುಂದಕ್ಕೇ ಓಗ್ಲಿ ಬುಡು.”

“ಸರಿ. ಮೊಮ್ಮಕ್ಕಳು ಎಷ್ಟು ಜನ ನಿಮಗೆ?”

“ಅವ್ರೆ ಕಣಪ್ಪಾ. ದ್ಯಾವ್ರು ಕೊಟ್ಟಷ್ಟು ಅವ್ರೆ.”

“ಎಷ್ಟು ಅಂತ ಹೇಳಿ ಅಮ್ಮಾ.”

“ಮನೆ ತುಂಬಾ ಅವ್ರೆ” ಅಂದು ದೊಡ್ಡಮ್ಮ ಬಾಯಿ ಮುಚ್ಚಿಕೊಂಡಳು.

ಅವಳ ಮೊಮ್ಮಕ್ಕಳು ಐದು ಜನ. ಅಣ್ಣನ ಇಬ್ಬರು, ಮಗಳ ಮೂವರು. ಆ ಸಂಖ್ಯೆ ನನಗೇ ಗೊತ್ತಿತ್ತು. ಡಾಕ್ಟರು ಚೀಟಿಯಲ್ಲಿ ಎಣಿಕೆ ಮತ್ತು ಗಮನದಲ್ಲಿ ತೊಂದರೆ ಎಂಬರ್ಥದ ಸಾಲು ಬರೆದರು. ಇದರಿಂದಲೇ ಏನೂ ಹೇಳಲಾಗದು, ಮೂರು ತಿಂಗಳು ಬಿಟ್ಟು ಬನ್ನಿ, ಅಲ್ಲಿಯತನಕ ಒಲೆ ಹತ್ತಿರ ಸ್ವಲ್ಪ ನಿಗಾ ಇರಲಿ ಅಂದರು. ಅವರು ಇಷ್ಟು ಹೇಳಿದ್ದನ್ನು ನಾನು ಅಣ್ಣನಿಗೆ ಫೋನಿನಲ್ಲಿ ದಾಟಿಸುವಾಗ ಅದು ಎಷ್ಟಾಯಿತೋ ಹೇಳಲಾರೆ. “ಒಂದು ಅಂತ ಹೇಳೋಕೂ ಆಗ್ಲಿಲ್ಲ ಅಣ್ಣ. ಎಣಿಕೆಯೇ ಹೊರಟುಹೋಗಿದೆ” ಎಂದದ್ದು ನೆನಪಿದೆ. ಅವಳು ಒಂದರ ಬದಲು ಏನು ಹೇಳಿದಳು ಎಂಬುದನ್ನು ನಾನು ಹೇಳಲಿಲ್ಲ, ಅಣ್ಣ ಕೇಳಲೂ ಇಲ್ಲ. ಕೇಳಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಊರಿಗೆ ವಾಪಸು ಹೋದ ದೊಡ್ಡಮ್ಮನ ಕೈಯಿಂದ ಒಂದೊಂದೇ ಕೆಲಸ ಜಾರತೊಡಗಿತು. ಮೊದಲು ಒಲೆ. ಆಮೇಲೆ ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನು ಒಯ್ಯುವುದು. ಅಲ್ಲಿ ಅವಳಿಗೆ ಊರಿನ ಸುದ್ದಿಯೆಲ್ಲ ಸಿಗುತ್ತಿತ್ತು. ಆಮೇಲೆ ಒಬ್ಬಳೇ ಬಸ್ಸು ಹತ್ತಿ ಚನ್ನರಾಯಪಟ್ಟಣಕ್ಕೆ ಹೋಗಿ ಮಗಳನ್ನು ನೋಡಿಕೊಂಡು ಬರುವುದು. ಯಾರೂ ಜೋರು ಮಾಡಲಿಲ್ಲ. “ನೀನು ಕೂತ್ಕೊ ಅವ್ವಾ” ಎಂದು ಪ್ರೀತಿಯಿಂದಲೇ ಕಿತ್ತುಕೊಂಡರು. ನನ್ನನ್ನು ಕುಗ್ಗಿಸಿದ್ದು ಅವಳು ಜಗಳ ಆಡದೆ ಒಪ್ಪಿಕೊಂಡದ್ದು. ಫೋನು ಮಾಡಿದಾಗ ಹೇಳಿದಳು:

“ಓದಿದೋರು ಏಳವ್ರೆ, ಇರಬೈದು ಕಣ್ಲಾ. ನಂಗೇ ಗೊತ್ತಾಗಾಕಿಲ್ಲ. ಈಗ ಉಪ್ಪಿನ ಡಬ್ಬಿ ಮುಟ್ಟುದ್ರೂ ಎದ್ರಿಕೆ ಆಯ್ತದೆ, ಆಕುದ್ನಾ ಇಲ್ವಾ ಅಂತ.”

ಉಪ್ಪು ಹಾಕಿದೆನಾ ಇಲ್ಲವಾ, ಗ್ಯಾಸ್ ಆರಿಸಿದೆನಾ ಇಲ್ಲವಾ. ಈ ಭಾಷೆ ನನ್ನದು. ನಾನು ಐವತ್ತು ವರ್ಷ ಸಾಕಿಕೊಂಡು ಬಂದ ರೋಗವನ್ನು ಎರಡೇ ತಿಂಗಳಲ್ಲಿ ದೊಡ್ಡಮ್ಮನಿಗೆ ಅಂಟಿಸಿದ್ದೆ.

ಡಿಸೆಂಬರಿನ ಕೊನೆಯಲ್ಲಿ ಅಣ್ಣ ಫೋನು ಮಾಡಿದ. ರಾಗಿ ಒಕ್ಕಣೆ ಮುಗಿದಿದೆ, ಭಾನುವಾರ ಮನೆ ರಾಗಿ ಅಳೆಯುತ್ತೇವೆ, ಬಾ. “ಅವ್ವ ಈ ಸಲ ಸೇರನ್ನ ಇವ್ಳ ಕೈಗೆ ಕೊಡ್ತೀನಿ ಅಂತಾಳೆ. ಇದೊಂದ್ ಸಲ ಅಳೆದು ಕೊಟ್ಬುಡ್ತಾಳಂತೆ. ನೀನು ಲೆಕ್ಕದ ಮೇಷ್ಟ್ರು, ಪಕ್ಕದಲ್ಲಿ ಕೂತು ಬರ್ಕೊ. ತಪ್ಪಿದ್ರೆ ಜನದ ಮುಂದೆ ಅವ್ವುನ್ ಮುಖ ಸಣ್ಣಾಗೋದು ಬ್ಯಾಡ.”

ಇವಳು ಅಂದರೆ ಅತ್ತಿಗೆ. ಅತ್ತಿಗೆಗೆ ಸೇರು ಬೇಕಿರಲಿಲ್ಲ. ನಾನು ಹೋದಾಗ ಬಚ್ಚಲ ಹತ್ತಿರ ನಿಲ್ಲಿಸಿಕೊಂಡು ಹೇಳಿದಳು: “ನೋಡಿ ಮೇಷ್ಟ್ರೇ, ನಮ್ಮತ್ತೆ ದಿನಾ ಬೆಳಿಗ್ಗೆ ಸೇರು ತಂದು ನನ್ನ ಮುಂದೆ ಇಡ್ತದೆ. ನಾನು ವಾಪಸು ಮೂಲೆಗಿಡ್ತೀನಿ. ಈ ಮನೇಲಿ ಸೇರೊಂದು ಒಳಗೂ ಹೊರಗೂ ತಿರುಗ್ತಾ ಅದೆ. ನಿಮ್ಮ ಡಾಕ್ಟ್ರಿಗೆ ಏಳಿ, ಏನಾದ್ರೂ ಮಾತ್ರೆ ಕೊಡಕ್ಕೆ.”

ಅಂಗಳದಲ್ಲಿ ಟಾರ್ಪಾಲಿನ ಮೇಲೆ ರಾಶಿ ಹಾಕಿದ್ದರು. ತುದಿಗೆ ಒಂದು ತುಂಬೆ ಹೂವಿನ ಕುಡಿ, ಪಕ್ಕದಲ್ಲಿ ಊದುಬತ್ತಿ. ದೊಡ್ಡಮ್ಮ ಮಂಡಿಯೂರಿ ಕೂತಳು. ಎದುರಿಗೆ ಅಣ್ಣ ಚೀಲದ ಬಾಯಿ ಹಿಡಿದು ನಿಂತ. ಅತ್ತಿಗೆ ಪಕ್ಕದಲ್ಲಿ ಹುಣಸೆಬೀಜದ ಬಟ್ಟಲು ಇಟ್ಟುಕೊಂಡು ಕೂತಳು. ಸೇರಿಗೆ ಒಂದರಂತೆ ಬೀಜ ತೆಗೆದು ಮೊರಕ್ಕೆ ಹಾಕುವುದು ಆ ಮನೆಯ ರೂಢಿ. ನಾನು ಶಾಲೆಯ ನೋಟ್ ಪುಸ್ತಕ, ಎರಡು ಪೆನ್ನು ಹಿಡಿದು ಕೂತೆ. ಒಂದು ಪೆನ್ನು ಕೈಕೊಟ್ಟರೆ ಅಂತ ಎರಡು. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕುವ ಪದ್ಧತಿ. ತಪ್ಪುವ ಮಾತೇ ಇಲ್ಲ.

ದೊಡ್ಡಮ್ಮ ಸೇರನ್ನು ರಾಶಿಯ ಮೂಡಲ ಬದಿಗೆ ಒತ್ತಿದಳು. ತುಂಬಿಸಿ ಎತ್ತಿ, ಕಣ್ಣು ಮುಚ್ಚಿ, ಚೀಲಕ್ಕೆ ಸುರಿದಳು.

“ಲಾಬ.”

ಮತ್ತೆ ಅದೇ, ಆಸ್ಪತ್ರೆಯಲ್ಲಿ ಆದ ಹಾಗೆಯೇ. ಏನು ಬರೆಯಬೇಕೋ ತಿಳಿಯದೆ ಪೆನ್ನು ಎತ್ತಿ ಹಿಡಿದೆ. ಅಷ್ಟರಲ್ಲಿ “ಎಲ್ಡು” ಎಂದು ಎರಡನೆಯ ಸೇರು ಬಿತ್ತು. ಪಾಪ, ಒಂದನ್ನು ಹಾರಿಸಿಬಿಟ್ಟಳು ಎಂದುಕೊಂಡು ನಾನು ನನ್ನ ಮೊದಲ ಗೆರೆ ಎಳೆದೆ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ಒಂದು ಬಿಟ್ಟರು, ಆಸ್ಪತ್ರೆಯಲ್ಲಿ ಬಿಟ್ಟಂತೆಯೇ’ ಎಂದು ಬರೆದೆ. ಡಾಕ್ಟರಿಗೆ ತೋರಿಸಲು ಇರಲಿ ಎಂದು. ಆಮೇಲೆ ಅವಳು ಎಲ್ಲೂ ತಡವರಿಸಲಿಲ್ಲ. ಮೂರು, ನಾಕು, ಐದು. ಒಂದು ಲಯ ಬಂತು. ಸೇರು ಕಚಕ್ಕೆಂದು ರಾಶಿಯೊಳಗೆ ಇಳಿಯುವುದು, ಅಂಗೈಯಿಂದ ಮೇಲೆ ಸವರುವುದು, ಸುರಿಯುವುದು, ಎಣಿಕೆ. ಮುರಿದಿದ್ದ ಕೈ ಎಂದು ಗೊತ್ತಿಲ್ಲದವರಿಗೆ ಗೊತ್ತೂ ಆಗುತ್ತಿರಲಿಲ್ಲ.

“ನಲವತ್ತೊಂದು” ಎಂದು ಹೇಳಿ ಸೇರನ್ನು ಬೋರಲು ಹಾಕಿದಳು. ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ತರಗತಿಯಲ್ಲಿ ಉತ್ತರ ಪತ್ರಿಕೆ ಹಂಚುವಾಗ ನೋಡಿದ್ದೇನೆ.

ನನ್ನ ಪುಸ್ತಕದಲ್ಲಿ ನಲವತ್ತು ಇತ್ತು. ಎರಡು ಸಲ ನೋಡಿದೆ. ಅಣ್ಣನನ್ನು ಪಕ್ಕಕ್ಕೆ ಕರೆದು, “ಒಂದು ಜಾಸ್ತಿ ಹೇಳಿದ್ದಾಳೆ ಅಣ್ಣ. ಶುರುವಿನಲ್ಲೇ ಒಂದು ಹಾರಿಸಿದಳು” ಅಂದೆ. ಪಿಸುಗುಟ್ಟಿದ್ದೇನೋ ಹೌದು, ಆದರೆ ಮೇಷ್ಟರ ಪಿಸುಮಾತು ಕೊನೆಯ ಬೆಂಚಿಗೂ ಕೇಳಿಸುತ್ತದೆ. ದೊಡ್ಡಮ್ಮ ಸೇರನ್ನು ಸೆರಗಿನಿಂದ ಒರೆಸಿ ಅತ್ತಿಗೆಯ ಮುಂದೆ ಇಟ್ಟಳು.

ಅತ್ತಿಗೆ ಸೇರು ಮುಟ್ಟಲಿಲ್ಲ. ಮೊರದೊಳಗಿನ ಹುಣಸೆಬೀಜ ಎಣಿಸತೊಡಗಿದಳು. ಜೋಡಿ ಜೋಡಿಯಾಗಿ ಸರಿಸಿ ಸರಿಸಿ, ಕೊನೆಗೆ ಒಂಟಿ ಬೀಜವೊಂದನ್ನು ಬೆರಳಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು.

“ನಲವತ್ತೊಂದು ಅವೆ ಮೇಷ್ಟ್ರೇ.”

“ಇರಲಾರದು” ಅಂದೆ. “ಮತ್ತೆ ಅಳೆದು ನೋಡೋಣವಾ?”

“ಅಳೆದ ರಾಗಿ ಮತ್ತೆ ಅಳೆಯಂಗಿಲ್ಲ” ಅಂದಳು ದೊಡ್ಡಮ್ಮ, ನೆಲ ನೋಡುತ್ತ.

ಅಣ್ಣ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡ. ಗೆರೆಗಳನ್ನು ನೋಡಿದ, ಅಂಚಿನ ಬರಹ ಓದಿದ. “ಎಲ್ಲಿಂದ ಗೀಚೋಕೆ ಶುರು ಮಾಡ್ದೆ ನೀನು?”

“ಎರಡು ಅಂದಳಲ್ಲ, ಅಲ್ಲಿಂದ. ಅದೇ ಮೊದಲನೇದು.”

“ಅದುಕ್ ಮೊದ್ಲು ಒಂದ್ ಸೇರು ಚೀಲುಕ್ಕೆ ಬಿತ್ತಲ್ಲಾ, ಅದು?”

“ಅದು ಪೂಜೆದು ಅಂದ್ಕೊಂಡೆ. ಏನೋ ಲಾಭ ಅಂತ ಬೇಡ್ಕೊಂಡಳು.”

ಅಣ್ಣ ನಗತೊಡಗಿದ. “ಲೇ, ಅದೇ ಕಣ್ಲಾ ಒಂದು. ರಾಶಿ ಅಳೆಯೋವಾಗ ಒಂದು ಅಂತ ಯಾರ್ ಅಂತಾರೆ? ಲಾಬ ಅಂತಾರೆ. ನಮ್ಮಜ್ಜಿ ಅಂತಿತ್ತು, ನಾನೂ ಅಂತೀನಿ, ಈ ಊರ್ನಾಗೆ ಎಲ್ರೂ ಅಂತಾರೆ. ಇಪ್ಪತ್ತ್ ವರ್ಷ ಲೆಕ್ಕ ಏಳ್ಕೊಟ್ಟು ಒಂದು ಎಣಿಸಾಕ್ ಬರಲ್ವಲ್ಲಾ ನಿಂಗೆ.”

ಅತ್ತಿಗೆಯೂ ನಕ್ಕಳು. ನಾನು ನಗಲಿಲ್ಲ. ಅಣ್ಣನ ಕಣ್ಣು ಮತ್ತೆ ಪುಸ್ತಕದ ಅಂಚಿಗೆ ಹೋಯಿತು. ನಗು ಅಲ್ಲೇ ನಿಂತಿತು.

“ಆಸ್ಪತ್ರೇಲೂ ಇಂಗೇ ಅಂದ್ಲಾ ಅವ್ವ?”

“ಹೌದು.”

“ಏನ್ ಎಣಿಸೋಕ್ ಕೊಟ್ಟಿದ್ರು?”

“ಹೆಸರುಕಾಳು. ಬಟ್ಟಲಿಂದ ಬಟ್ಟಲಿಗೆ.”

ಅಣ್ಣ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟ. ಕೊಟ್ಟಿಗೆಯಲ್ಲಿ ಒಂದು ಹಸು ಕೆಮ್ಮಿತು. ಆಮೇಲೆ ದೊಡ್ಡಮ್ಮ ಕೇಳಿದಳು, ಬಹಳ ಮೆಲ್ಲಗೆ:

“ಅದುಕ್ಕೇ ಬರ್ದುದ್ನಾ ಆ ಡಾಕ್ಟ್ರು? ಕಾಳು ಕೊಟ್ಟು ಎಣಿಸು ಅಂದ, ಅಳುದ್ ಕೊಟ್ಟೆ. ಕಾಳು ಒಂದು ಅಂದ್ರೆ ಒಂದೇ ಆಗೋಯ್ತದೆ. ಬೇರೇರ್ ಕಾಳಾದ್ರೂ ನಾನ್ಯಾಕ್ಲಾ ಕೆಟ್ಟುದ್ ಅನ್ಲಿ?”

“ಮೊಮ್ಮಕ್ಕಳು ಎಷ್ಟು ಅಂತ ಕೇಳಿದ್ದಕ್ಕೆ ಹೇಳಲಿಲ್ಲವಲ್ಲ ದೊಡ್ಡಮ್ಮ.”

“ಮಕ್ಕಳ್ನ ಎಣಿಸ್ತಾರೇನ್ಲಾ? ಕುರೀನಾ ಅವು? ಅಂಗ್ ಕೇಳೋ ಡಾಕ್ಟ್ರುಗೆ ನೀನಾದ್ರೂ ಏಳ್ಬಾರ್ದಾ, ಅಂಗೆಲ್ಲಾ ಕೇಳ್ಬೇಡಪ್ಪ ಅಂತ? ಪಕ್ಕದಾಗೆ ಕಂಬ ನಿಂತಂಗ್ ನಿಂತಿದ್ದೆ.”

ಹಿಂದಕ್ಕೆ ಎಣಿಸದೇ ಇದ್ದದ್ದು ಯಾಕೆ ಎಂದು ನಾನು ಕೇಳಲಿಲ್ಲ. ಕೈಯಲ್ಲಿ ಚಮಚ, ಮುಂದೆ ಕಾಳು. ಇಪ್ಪತ್ತರಿಂದ ಹತ್ತೊಂಬತ್ತಕ್ಕೆ, ಹದಿನೆಂಟಕ್ಕೆ ಇಳಿಸಿಕೊಂಡು ಬಂದರೆ ಆ ಮನೆಯ ಚೀಲ ಏನಾಗಬೇಕು. ಆಸ್ಪತ್ರೆಯಲ್ಲಿ ಕೇಳಿದ ಮೂರು ಪ್ರಶ್ನೆಗೂ ಅವಳು ಸರಿಯಾಗಿಯೇ ಉತ್ತರ ಕೊಟ್ಟಿದ್ದಳು. ಪರೀಕ್ಷೆಯಲ್ಲಿ ಫೇಲಾದದ್ದು ಪಕ್ಕದಲ್ಲಿ ನಿಂತಿದ್ದ ಕಂಬ. ಆ ಕಂಬ ಹುಟ್ಟಿ ಬೆಳೆದದ್ದು ಹಾಸನದ ಪೇಟೆಯಲ್ಲಿ, ಅಪ್ಪನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ರಾಗಿ ಅದಕ್ಕೆ ಹಿಟ್ಟಿನ ರೂಪದಲ್ಲಿ ಮಾತ್ರ ಪರಿಚಯ.

ಹಾಸನಕ್ಕೆ ಬಂದು ಹೆಂಡತಿಗೆ ಹೇಳಿದೆ. ಅವಳ ತವರು ಅರಕಲಗೂಡು ತಾಲ್ಲೂಕು, ಮಲ್ಲಿಪಟ್ಟಣದ ಕಡೆ. ಸೊಪ್ಪು ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡಳು. “ನಮ್ಮಪ್ಪನೂ ಭತ್ತ ಅಳೆಯೋವಾಗ ಹಾಗೇ ಅಂತಿದ್ರು” ಅಂದಳು.

“ಮತ್ತೆ ಹೇಳಬಾರದಿತ್ತಾ?”

“ನೀವು ಹೇಳಿದ್ದು ಎಣಿಕೆ ಹೊರಟುಹೋಗಿದೆ ಅಂತ. ಏನಂತ ಎಣಿಸಿದ್ರು ಅಂತ ಹೇಳಿದ್ರಾ? ನಿಮ್ಮ ಚಿಂತೆ ಯಾವಾಗಲೂ ಮೊತ್ತದಲ್ಲೇ ಬರತ್ತೆ ರೀ, ಬಿಡಿಯಾಗಿ ಬರೋದೇ ಇಲ್ಲ.”

ಅಂದಿನಿಂದ ನನಗೆ ಹೊಸದೊಂದು ಗೀಳು ಹತ್ತಿತು. ಈ ಸಲದ್ದು ಚಿಂತೆಯಲ್ಲ, ಕುತೂಹಲ. ಎರಡಕ್ಕೂ ನಿದ್ದೆ ಕೆಡುವುದು ಒಂದೇ ರೀತಿ ಎಂಬುದು ಬೇರೆ ಮಾತು. ಹೊಳೆನರಸೀಪುರದ ಬಸ್ಸಿನಲ್ಲಿ ಕೂತು ಜನರ ಬಾಯಲ್ಲಿ ‘ಒಂದು’ ಹೇಗೆ ಬರುತ್ತದೆ ಎಂದು ಕಿವಿಗೊಟ್ಟೆ. ಕಂಡಕ್ಟರು “ಒಂದು ಹತ್ತು ಜನ ಹಿಂದಕ್ಕೆ ಹೋಗಿ” ಎನ್ನುತ್ತಾರೆ. ಹನ್ನೊಂದು ಜನ ಹೋಗುವುದಿಲ್ಲ. ಅಲ್ಲಿ ಒಂದು ಎಂದರೆ ಸುಮಾರು. ನನ್ನ ಗಣಿತದಲ್ಲಿ ಒಂದಕ್ಕಿಂತ ಖಚಿತವಾದ ಸಂಖ್ಯೆ ಇಲ್ಲ, ಬಸ್ಸಿನಲ್ಲಿ ಅದೇ ಎಲ್ಲವನ್ನೂ ಅಂದಾಜು ಮಾಡಿಬಿಡುತ್ತದೆ. “ಒಂದೆರಡು ದಿನ ಇದ್ದು ಹೋಗ್ತೀವಿ” ಎಂದು ಬರುವ ನೆಂಟರು ಒಂದು ದಿನಕ್ಕೂ ಹೋಗುವುದಿಲ್ಲ, ಎರಡು ದಿನಕ್ಕೂ ಹೋಗುವುದಿಲ್ಲ. “ಇದೊಂದು ಬಾಕಿ ಇತ್ತು” ಎಂದು ನನ್ನ ಪಕ್ಕದ ಹೆಂಗಸು ಟೈರು ಪಂಕ್ಚರಾದಾಗ ಹೇಳಿದಳು. ಅಲ್ಲಿ ಒಂದು ಎಂದರೆ ಸಿಟ್ಟು. ತರಗತಿಯಲ್ಲಿ ಮಕ್ಕಳು ಒಂದು ಬೆರಳೆತ್ತಿ ಎದ್ದು ನಿಂತರೆ ಅದರ ಅರ್ಥವೇ ಬೇರೆ, ಅದಕ್ಕೆ ಗುಣಿಸುವುದು ಭಾಗಿಸುವುದು ಯಾವುದೂ ಬೇಕಿಲ್ಲ, ಬೇಗ ಹೊರಗೆ ಬಿಡಬೇಕು ಅಷ್ಟೆ.

ಒಂದು ಒಂಟಿಯಾದರೆ ಮಾತ್ರ ನಮ್ಮವರಿಗೆ ಭಯ. ಹೊರಟಾಗ ಒಂಟಿ ಸೀನು ಬಂದರೆ ಕೂತು ನೀರು ಕುಡಿದು ಹೋಗಬೇಕು. ಜೋಡಿ ಸೀನಾದರೆ ಅಡ್ಡಿಯಿಲ್ಲ. ಈ ಕಾರಣಕ್ಕೆ ನಾನು ಎಷ್ಟೋ ಸಲ ಎರಡನೆಯ ಸೀನಿಗಾಗಿ ಬಾಗಿಲಲ್ಲಿ ಮೂಗು ಉಜ್ಜಿಕೊಂಡು ನಿಂತು ಬಸ್ಸು ತಪ್ಪಿಸಿಕೊಂಡಿದ್ದೇನೆ. ಆದರೆ ಅದೇ ಒಂದು ನೂರರ ಪಕ್ಕ ಬಂದು ನಿಂತರೆ ಶುಭ. ಮದುವೆಗೆ ಮುಯ್ಯಿ ಹಾಕುವವರು ನೂರು ಹಾಕುವುದಿಲ್ಲ, ನೂರಾ ಒಂದು ಹಾಕುತ್ತಾರೆ. ದುಂಡಗೆ ಮುಗಿದದ್ದನ್ನು ಮುಂದುವರಿಸಲು ಒಂದು ಬೇಕು. ಮುಂದುವರಿಸಲು ಶುಭ, ಶುರು ಮಾಡಲು ಬೇಡ. ರಾಶಿಯ ಮುಂದೆ ಕೂತ ದೊಡ್ಡಮ್ಮನ ಲೆಕ್ಕವೂ ಇದೇ ಇರಬೇಕು: ಮೊದಲ ಸೇರಿಗೆ ಒಂದು ಅಂದರೆ, ಕೇಳಿಸಿಕೊಂಡ ರಾಶಿ ‘ಓಹೋ ಒಂದೇ ಸಾಕಾ’ ಎಂದು ಸುಮ್ಮನಾಗಿಬಿಡಬಹುದು.

ನಿಘಂಟು ತೆಗೆದು ನೋಡಿದರೆ ಒಂದು ಎಲ್ಲೆಲ್ಲೋ ಅಡಗಿಕೊಂಡಿದೆ. ಒಪ್ಪತ್ತು ಎಂದು ಶನಿವಾರ ನಮ್ಮಮ್ಮ ಉಪವಾಸ ಮಾಡುತ್ತಿದ್ದಳು. ಅದು ಒಂದು ಹೊತ್ತು. ಒಮ್ಮೆ, ಒಬ್ಬ, ಒಕ್ಕಣ್ಣ, ಎಲ್ಲದರ ಬುಡದಲ್ಲೂ ಅದೇ. ನನ್ನನ್ನು ಬೆರಗುಗೊಳಿಸಿದ್ದು ಒಂಬತ್ತು. ಅದರೊಳಗೆ ಒಂದೂ ಇದೆ, ಹತ್ತೂ ಇದೆ. ಹತ್ತಕ್ಕೆ ಒಂದು ಕಡಿಮೆ ಎಂದು ಅದರ ಅರ್ಥ ಎನ್ನುತ್ತಾರೆ ಬಲ್ಲವರು. ಎಂದೋ ಯಾರೋ ಎಂಟರ ತನಕ ಹೆಸರಿಟ್ಟು, ದಣಿದು, ಮುಂದಿನದಕ್ಕೆ ಹತ್ತರ ಮನೆ ಬಾಗಿಲಲ್ಲಿ ನಿಂತ ಒಂದು ಎಂದು ಕರೆದು ಬಿಟ್ಟಿದ್ದಾರೆ. ಸಾವಿರಾರು ಸಲ ಹಲಗೆಯ ಮೇಲೆ ಬರೆದಿದ್ದೇನೆ, ಅದರ ಮುಖ ಒಮ್ಮೆಯೂ ನೋಡಿರಲಿಲ್ಲ.

ಹಾಸನದ ಗ್ರಂಥಾಲಯದಲ್ಲಿ ನಮ್ಮ ಸೀಮೆಯ ಶಾಸನಗಳ ದಪ್ಪ ಪುಸ್ತಕವನ್ನೂ ಕೆಲವು ಶನಿವಾರ ಮಗುಚಿದೆ. ಹಿಂದಿನ ಕಾಲದವರು ನಾಡುಗಳಿಗೇ ಸಂಖ್ಯೆ ಕಟ್ಟಿ ಕರೆಯುತ್ತಿದ್ದರು. ನಾವಿರುವ ಈ ನೆಲ ಗಂಗವಾಡಿ ತೊಂಬತ್ತಾರು ಸಾಸಿರದ ಒಳಗಿತ್ತು. ತೊಂಬತ್ತಾರು ಸಾವಿರ ಏನು, ಹಳ್ಳಿಗಳೋ, ಹುಟ್ಟುವಳಿಯೋ, ಬೇರೆ ಏನೋ ಎಂಬುದಕ್ಕೆ ಇವತ್ತಿಗೂ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಒಂದು ಚೀಲ ರಾಗಿಯ ಲೆಕ್ಕದಲ್ಲಿ ಎಡವಿದ ನನಗೆ ಇದರಿಂದ ಎಷ್ಟು ಸಮಾಧಾನವಾಯಿತೋ. ದೇವಸ್ಥಾನಕ್ಕೆ ಬಿಟ್ಟ ಗದ್ದೆಯನ್ನು ಅವರು ಸಲಗೆ ಇಷ್ಟು, ಕೊಳಗ ಇಷ್ಟು ಎಂದು ಕಲ್ಲಿನಲ್ಲಿ ಬರೆಸಿದ್ದಾರೆ. ಅವೂ ಕಾಳಿನ ಅಳತೆಗಳೇ. ಇಷ್ಟು ಬೀಜ ಹಿಡಿಯುವಷ್ಟು ನೆಲ ಎಂದು ನೆಲವನ್ನೇ ಕಾಳಿನಲ್ಲಿ ಹೇಳುತ್ತಿದ್ದರು. ಅಲ್ಲಿ ಒಂದು ಎಂದು ಇರುವ ಕಡೆ ಒಂದು ಎಂದೇ ಕೆತ್ತಿದ್ದಾರೆ. ಕಲ್ಲುಕುಟಿಗ ಲಾಭ ಎಂದು ಬರೆಯಲಿಲ್ಲ. ಆದರೆ ಆ ಗದ್ದೆಯ ಭತ್ತವನ್ನು ಅಳೆದು ದೇವಸ್ಥಾನಕ್ಕೆ ಹಾಕಿದವರು ಬಾಯಲ್ಲಿ ಏನೆಂದರೋ. ಕಲ್ಲಿಗೆ ಒಂದು, ಕಾಳಿಗೆ ಲಾಭ ಎಂದು ಆಗಲೂ ಎರಡು ಇದ್ದವೋ ಇಲ್ಲವೋ. ಬಾಯಲ್ಲಿ ಅಂದದ್ದನ್ನು ಯಾರೂ ಬರೆದಿಡುವುದಿಲ್ಲ. ಬರೆದಿಟ್ಟರೆ ನಾನು ಬರೆದ ಹಾಗೆ ಬರೆದಿಡುತ್ತಾರೆ: ‘ಒಂದು ಬಿಟ್ಟರು’.

ಮೂರು ತಿಂಗಳಿಗೆ ಮತ್ತೆ ಆಸ್ಪತ್ರೆಗೆ ಹೋದೆವು. ದೊಡ್ಡಮ್ಮ ಹೊರಗೆ ಕೂತಿದ್ದಾಗ ನಾನು ಒಳಗೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ವಿವರಿಸಿದೆ. ಕಂಡಕ್ಟರು, ಸೀನು, ಶಾಸನ ಕೂಡ ಬಂದು ಹೋದವು. ಅವರು ತಾಳ್ಮೆಯಿಂದ ಕೇಳಿ, ನಡುವೆ ಒಮ್ಮೆ ನನ್ನ ನಿದ್ದೆ ಹೇಗಿದೆ ಎಂದು ವಿಚಾರಿಸಿದರು. ಆಮೇಲೆ ದೊಡ್ಡಮ್ಮನನ್ನು ಕರೆಸಿದರು. ಈ ಸಲ ಬಟ್ಟಲಿಗೆ ಕೈ ಹಾಕಲಿಲ್ಲ. ಮಾತ್ರೆಯ ಡಬ್ಬಿ ಮುಂದಿಟ್ಟರು.

“ಇದನ್ನ ಎಣಿಸ್ತೀರಾ ಅಮ್ಮಾ?”

“ಇದುಕ್ಕೇನು” ಅಂದು ದೊಡ್ಡಮ್ಮ ಒಂದು, ಎಲ್ಡು, ಮೂರು ಎಂದು ಇಪ್ಪತ್ತನಾಲ್ಕರ ತನಕ ತಡೆಯಿಲ್ಲದೆ ಎಣಿಸಿ, ಡಬ್ಬಿ ಮುಚ್ಚಿದಳು.

“ಇದಕ್ಕೆ ಒಂದು ಅಂದ್ರಲ್ಲ?”

“ಮಾತ್ರೆ ಕಮ್ಮಿ ಆದ್ರೆ ಒಳ್ಳೇದೇ ಅಲ್ವಾ ಸಾ.”

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ಹಳೆಯ ಚೀಟಿಯ ಸಾಲನ್ನು ಅವರೇ ಹೊಡೆದು ಹಾಕಿದರು. ಆದರೆ ಎಲ್ಲವೂ ಸರಿ ಎನ್ನಲಿಲ್ಲ. ಅವತ್ತಿನ ತಾರೀಕು ಕೇಳಿದಾಗ ದೊಡ್ಡಮ್ಮ ಎರಡು ದಿನ ಹಿಂದಿದ್ದಳು. ಹೇಳಿದ ಐದು ಪದಗಳಲ್ಲಿ ಮೂರೇ ನೆನಪಿಟ್ಟಳು. ವಯಸ್ಸಿನ ಮರೆವು ಸ್ವಲ್ಪ ಇದೆ, ಒಲೆ ಹಚ್ಚಲಿ, ಹಾಲು ಒಯ್ಯಲಿ, ಯಾರೂ ಹಿಡಿಯಬೇಡಿ, ಆರು ತಿಂಗಳಿಗೊಮ್ಮೆ ನೋಡೋಣ ಅಂದರು. ನಾನೂ ಮನಸ್ಸಿನಲ್ಲೇ ಆ ಐದು ಪದಗಳನ್ನು ನೆನಪಿಸಿಕೊಂಡೆ. ಎರಡು ಬಂದವು. ಯಾರಿಗೂ ಹೇಳಲಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ದೊಡ್ಡಮ್ಮ ಬೆಳಿಗ್ಗೆ ಡೈರಿಯಿಂದ ಖಾಲಿ ಕ್ಯಾನು ಆಡಿಸಿಕೊಂಡು ಬಂದಳು, ಬಾಯಿ ತುಂಬ ಸುದ್ದಿ. ಸೇರು ಅವಳ ಕೋಣೆಯ ಗೂಡಿನಲ್ಲಿ, ಮೊದಲಿದ್ದ ಜಾಗದಲ್ಲೇ ಇತ್ತು. ನಾನು ಹೊರಡುವಾಗ ನಮ್ಮ ಮನೆಗೆ ಹತ್ತು ಸೇರು ರಾಗಿ ಕೊಡಲು ಚೀಲ ತಂದಿಟ್ಟು, ತಾನು ಅವರೆಕಾಯಿ ಸುಲಿಯಲು ಕೂತಳು.

“ನೀನೇ ಅಳ್ಕೊ ಮಗ. ಕೈ ನೋಯ್ತದೆ.”

ಕೈ ನೋಯುತ್ತಿರಲಿಲ್ಲ. ಅದೇ ಕೈ ಅವರೆಕಾಯಿಯನ್ನು ಚಟಚಟ ಸುಲಿಯುತ್ತಿತ್ತು. ನಾನು ಮಂಡಿಯೂರಿ ಕೂತೆ. ಸೇರು ತುಂಬಿ ಎತ್ತಿ, ಅತ್ತಿಗೆ ನೋಡುತ್ತಿದ್ದಾಳೋ ಎಂದು ಒಮ್ಮೆ ಕಣ್ಣು ಹಾಯಿಸಿ, “ಲಾಭ” ಅಂದೆ. ಎರಡು, ಮೂರು, ನಾಲ್ಕು. ಮುಂದೆ ಅಂಗೈ ಸವರುವಾಗ ರಾಗಿ ಜಾಸ್ತಿ ಚೆಲ್ಲುತ್ತಿದೆಯೇ, ಹನ್ನೊಂದೂವರೆಯ ಬಸ್ಸು ಸಿಗುತ್ತದೆಯೇ, ಚೀಲದ ಹೊಲಿಗೆ ತಡೆಯುತ್ತದೆಯೇ ಎಂದು ಯೋಚನೆ ಬಂತು. “ಹತ್ತು” ಎಂದು ಹೇಳಿ ಸೇರು ಬೋರಲು ಹಾಕಿದೆ.

“ಒಂಬತ್ತು” ಅಂದಳು ದೊಡ್ಡಮ್ಮ, ಅವರೆಕಾಯಿಯಿಂದ ತಲೆ ಎತ್ತದೆ.

ಅತ್ತಿಗೆ ಬಾಗಿಲಲ್ಲಿ ನಿಂತು ಮುಷ್ಟಿ ಬಿಚ್ಚಿ ತೋರಿಸಿದಳು. ಒಳಗೆ ಹುಣಸೆಬೀಜಗಳಿದ್ದವು. ಎಣಿಸುವ ಗೋಜಿಗೆ ನಾನು ಹೋಗಲಿಲ್ಲ. ಸೇರನ್ನು ಮತ್ತೆ ತಿರುಗಿಸಿ ಇನ್ನೊಂದು ಹಾಕಿದೆ.